ಹೆಂಡತಿಯ ತಪಾಸಣೆಗೆ ಬಂದವರು

"ಅಣ್ಣಾ, ಒಂದ್ಸಲ ಬಾಯಿ ತೆರೀರಿ," ಎಂದರು ಡಾಕ್ಟರಮ್ಮ. ಪರೀಕ್ಷೆಗೆ ಹೋದವಳು ನಾನು. ನನ್ನ ಶುಗರ್ ಚೀಟಿ ಬರೆಯುತ್ತಲೇ, ಪಕ್ಕದಲ್ಲಿ ನಿಂತ ನನ್ನ ಯಜಮಾನರು ಬಾಯಿ ಪೂರ್ತಿ ತೆರೆಯದೆ ಮಾತಾಡುತ್ತಿದ್ದುದನ್ನು ಆಕೆ ಗಮನಿಸಿದ್ದರು.

ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಯುತ್ತದೆ. ಪ್ರತಿ ಸಲ ನನ್ನನ್ನು ಕರೆತರುವವರು ಯಜಮಾನರೇ. "ನೀವೂ ತೋರಿಸ್ಕೊಳ್ರಿ" ಎಂದರೆ, "ನನಗೇನಾಗೇತಿ? ದಿನಪೂರ್ತಿ ಮಗ್ಗದಾಗ ಕುಂತು ನೇಯ್ತೀನಿ" ಎಂದು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅಂದು ಅವರ ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಡಾಕ್ಟರಮ್ಮ ಬ್ಯಾಟರಿ ಹಾಕಿ ನೋಡಿ, ಹೈದರಾಬಾದಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. "ಖಾರ ತಿಂದ್ರ ಉರಿತೈತಿ, ಅಷ್ಟೇರೀ," ಎಂದು ಇವರು ನಕ್ಕರು. ವರ್ಷದಿಂದ ಉರಿಯುತ್ತಿತ್ತಂತೆ. ನನಗೂ ಹೇಳಿರಲಿಲ್ಲ.

ಬಾಯಿಯ ಕ್ಯಾನ್ಸರ್ ಕುತ್ತಿಗೆಗೆ ಇಳಿದಿದೆ, ಹೋದ ವರ್ಷವೇ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು, ಈಗ ಕೈಮೀರಿದೆ ಎಂದರು ಹೈದರಾಬಾದಿನ ಡಾಕ್ಟರು.

ಈಗ ಅವರಿಗೆ ಗಂಜಿಯೊಂದೇ ಇಳಿಯುತ್ತದೆ. ನಾನು ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದೇನೆ. ಆ ಸಪ್ಪಳ ಕೇಳಿದರೆ ಅವರು ಅಡುಗೆಮನೆಯ ಕಡೆ ತಿರುಗಿ ನೋಡುತ್ತಾರೆ.