ಮೊದಲು ಎದ್ದ ಹುಳಕ್ಕೆ ಸೊಪ್ಪಿಲ್ಲ

ನಮ್ಮ ಮದುವೆಯಾದ ವರ್ಷ ಅವ್ವ ಒಂದು ಬೆಳೆ ರೇಷ್ಮೆಹುಳವನ್ನು ಪೂರ್ತಿ ನನ್ನ ಹೆಂಡತಿಯ ಕೈಗೆ ಬಿಟ್ಟಳು. ಅವಳು ಕಬ್ಬಾಳಿನ ಕಡೆ ಕುರಿ ಸಾಕುವ ಮನೆಯವಳು. ಹುಳ ಸಾಕಿ ಗೊತ್ತಿರಲಿಲ್ಲ. ಬೆಳೆ ಕೆಟ್ಟರೆ ಮಾತು ಬರುತ್ತದೆಂದು ಹೆದರಿದ್ದಳು.

ರೇಷ್ಮೆಹುಳ ನಾಲ್ಕು ಸಲ ಚರ್ಮ ಬಿಡುತ್ತದೆ. ಆಗ ಮೇವು ಮುಟ್ಟದೆ, ತಲೆಯೆತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಲ್ಲಿ ಅರ್ಧ ಹುಳ ಬೇಗ ಚರ್ಮ ಬಿಟ್ಟು ಎದ್ದು, ಸೊಪ್ಪು ಹುಡುಕತೊಡಗಿದವು. ಉಳಿದವು ಹಾಗೇ ನಿಂತಿದ್ದವು.

"ಅತ್ತೆ, ಹಸ್ಕೊಂಡವೆ, ಸತ್ತೋಯ್ತವೆ. ಸೊಪ್ಪು ಹಾಕ್ಲಾ?" ಎಂದಳು.

"ಹಾಕ್ಬುಡು ಅತ್ಲಾಗೆ," ಎಂದೆ ನಾನು.

"ನೀನು ಸುಮ್ಕಿರ್ಲಾ," ಎಂದು ಅವ್ವ ಗದರಿದಳು. "ಹಾಕ್ಬೇಡ ಕಣವ್ವಾ. ಈಗ ತಿಂದವು ಮುಂದೋಯ್ತವೆ, ಜ್ವರದಲ್ಲಿರೋವು ಸೊಪ್ಪಿನಡಿ ಸಿಕ್ಕಾಕೊತವೆ. ಎದ್ದವು ಒಸಿ ತಡೀತವೆ. ಎಲ್ಲ ಏಳ್ಲಿ."

ನನ್ನ ಹೆಂಡತಿ ಸೊಪ್ಪಿನ ಪುಟ್ಟಿ ಮುಂದಿಟ್ಟುಕೊಂಡು ಕಾದಳು. ಸಂಜೆ ಕೊನೆಯವೂ ಎದ್ದ ಮೇಲೆ ಸೊಪ್ಪು ಹಾಕಿದಳು. ಆ ಬೆಳೆಯಲ್ಲಿ ಹುಳವೆಲ್ಲ ಒಟ್ಟಿಗೇ ಗೂಡು ಕಟ್ಟಿದವು.

ಅದಾದ ಮೇಲೆ ಒಂದು ದಿನ ಹಸಿದು ಬಂದು ಮುದ್ದೆಗೆ ಕೂತೆ.

"ಒಸಿ ತಡೀರಿ, ಅತ್ತೆ ತೋಟದಿಂದ ಬರ್ಲಿ," ಎಂದಳು.

ಹುಳವೇ ತಡೆದಿತ್ತು. ನಾನೂ ತಡೆದೆ.