ಉಜ್ಜಿಹೋದ ರಾಜ

ನಂಜನಗೂಡಿನ ನಮ್ಮ ಮನೆಯ ಬಚ್ಚಲಿನಿಂದ ಹುಣಸೆಹಣ್ಣಿನ ವಾಸನೆ ಬಂತೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೆಂಡತಿ ಪೂಜೆ ಸಾಮಾನು ಉಜ್ಜುತ್ತಿರುತ್ತಾಳೆ, ಅಷ್ಟೇ. ಅದಕ್ಕೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಹೇಳುತ್ತೇನೆ.

ಸೋಸಲೆಯಲ್ಲಿ ನನ್ನ ಸೋದರತ್ತೆ ಇದ್ದಳು. ಅವಳ ದೇವರ ಗೂಡಿನಲ್ಲಿ ಉಗುರಿನಗಲದ ಒಂದು ಚಿನ್ನದ ನಾಣ್ಯ, ವಿಜಯನಗರದ ಕಾಲದ್ದು. ಒಂದು ಕಡೆ ಪಾರ್ವತಿ ಪರಮೇಶ್ವರರು ಕೂತಿದ್ದಾರೆ, ಇನ್ನೊಂದು ಕಡೆ ನಾಗರಿ ಅಕ್ಷರ. ನಾನೋ ಚರಿತ್ರೆಯ ಮೇಷ್ಟ್ರು. ಆ ರಾಜರ ಜಾಣತನ ನೋಡಿ, ತಮ್ಮ ಮುಖ ಅಚ್ಚು ಹಾಕಿಸಲಿಲ್ಲ. ಮುಂದೆ ದೇವರನ್ನು ಕೂರಿಸಿ ಹಿಂದೆ ಹೆಸರು ಬರೆಸಿದರು. ದೇವರಿಗೆ ಕೈಮುಗಿದವನು ಬೆನ್ನಿಗಿದ್ದ ರಾಜನಿಗೂ ಮುಗಿದ ಹಾಗಾಯಿತು. 'ಶ್ರೀ ಪ್ರತಾಪ' ಎಂಬ ಬಿರುದಿನವರೆಗೆ ಓದಿದೆ. ಆಮೇಲಿನ ಹೆಸರು ಮಸುಕಾಗಿತ್ತು. ಯಾವ ರಾಜ? ಭೂತಗನ್ನಡಿ ತಂದು ಓದಿಯೇ ತೀರಬೇಕೆಂಬ ಹಟ ಹತ್ತಿತು.

ಆದರೆ ಅತ್ತೆ ಶುಕ್ರವಾರ ಶುಕ್ರವಾರ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಅದನ್ನು ತಿಕ್ಕುತ್ತಿದ್ದಳು.

"ತಿಕ್ಬೇಡ ಕಣತ್ತೆ, ದೇವರ ಮೂಗೆಲ್ಲ ಸವೆದುಹೋಗ್ತಿದೆ," ಎಂದೆ.

"ಜಿಡ್ಡಿಡ್ಕಂಡಿರೋ ದ್ಯಾವ್ರಿಗೆ ಊ ಮಡುಗಕ್ಕಾಯ್ತದಾ?" ಎಂದು ಗದರಿದಳು. ಆದರೂ ಓದಿದವನ ಮಾತಲ್ಲವೇ, ಕೊನೆಗೆ ಒಪ್ಪಿದಳು. "ಆಯ್ತು ಬುಡು ಮಗ, ಇನ್ ದ್ಯಾವ್ರ ಮೊಕ ಮುಟ್ಟಾಕಿಲ್ಲ."

ಬೇಸಿಗೆ ರಜೆಯಲ್ಲಿ ಭೂತಗನ್ನಡಿ ಜೇಬಿಗಿಳಿಸಿಕೊಂಡು, ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಸೋಸಲೆಗೆ ಹೋದೆ. ನಾಣ್ಯ ತಿರುಗಿಸಿದರೆ ಹಿಂಬದಿ ನುಣ್ಣಗೆ ಹೊಳೆಯುತ್ತಿದೆ. ಒಂದಕ್ಷರವಿಲ್ಲ.

"ದ್ಯಾವ್ರನ್ನ ಮುಟ್ಟಿಲ್ಲ ಕಣಪ್ಪ. ಬೆನ್ಮೇಲೆ ಅದೇನೋ ಗೀಚಿದ್ರಲ್ಲ, ಅದ್ನೇ ಚೆಂದಾಗಿ ತಿಕ್ಕಿವ್ನಿ," ಎಂದು ಅತ್ತೆ ಶಭಾಸ್‌ಗಿರಿಗಾಗಿ ನನ್ನ ಮುಖ ನೋಡಿದಳು.

ಇಂಥವರಿಗೆ ಏನು ಹೇಳುತ್ತೀರಿ? ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಬಂದೆ ಎಂದರೆ ಚೆನ್ನಾಗಿರುತ್ತಿತ್ತು. ಕುಡಿದೆ, ಕೋಡುಬಳೆಯನ್ನೂ ತಿಂದೆ.

ಅತ್ತೆ ತೀರಿಹೋದಳು, ನಾಣ್ಯವೂ ಅದನ್ನು ತಿಕ್ಕುವ ಬಗೆ ಅವಳು ನನ್ನ ಹೆಂಡತಿಗೆ ಹೇಳಿಕೊಟ್ಟಿದ್ದ ಪಾಠವೂ ನಮ್ಮ ಮನೆಗೆ ಬಂದವು. ಇವತ್ತು ಹೆಂಡತಿ ಬಚ್ಚಲಿನಿಂದಲೇ ಅದನ್ನು ನನ್ನ ಕೈಗೆ ಕೊಟ್ಟು, "ಒರೆಸಿಡಿ. ನಿಮ್ಮತ್ತೆ ಹೇಳಿದ್ಹಾಗೆ ಹಿಂದುಗಡೆ ಮಾತ್ರ ಉಜ್ಜಿದ್ದೀನಿ," ಎಂದಳು. ಬೈಯಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಈ ಹಾಳು ಕೈ ತಾನಾಗಿಯೇ ಮೇಲೆದ್ದು ನಾಣ್ಯವನ್ನು ಕಣ್ಣಿಗೊತ್ತಿಕೊಂಡಿತು.

ಮುಖವಿಲ್ಲ, ಈಗ ಹೆಸರೂ ಇಲ್ಲ. ಆದರೂ ಆ ರಾಜ ನನ್ನ ತಲೆ ಬಗ್ಗಿಸಿದ. ಯಾವನೆಂದು ಮಾತ್ರ ಗೊತ್ತಾಗಲೇ ಇಲ್ಲ.