ಆಂಜಿನಮ್ಮನ ಕೊನೆಯ ಹುಳುಮನೆ

ಹುತ್ತೂರು ಕಡೆಯ ಒಂದು ಹಳ್ಳಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ವೇಣುಗೋಪಾಲ್ ಅವರ ಹುಳುಮನೆಯ ಬಾಗಿಲಲ್ಲಿ ನಿಂತು ಆಂಜಿನಮ್ಮ ರೇಷ್ಮೆ ಹುಳುವೊಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಮೈಯೊಳಗೆ ಬೆಳಕು ಹಾಯ್ದರೆ ಹುಳು ಹಣ್ಣಾಗಿದೆ ಎಂದರ್ಥ, ಗೂಡು ಕಟ್ಟಲು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡಬೇಕು. ಇಲ್ಲವಾದರೆ ಇನ್ನಷ್ಟು ಸೊಪ್ಪು ತಿನ್ನಲಿ. ಆಂಜಿನಮ್ಮ ಇದನ್ನು ನಿದ್ದೆಗಣ್ಣಲ್ಲೂ ಮಾಡುತ್ತಾರೆ ಎಂದು ಊರವರು ಹೊಗಳುತ್ತಾರೆ. ಹೊಗಳಲಿ, ಪಾಪ. ಆದರೆ ಇವತ್ತು ಅವರು ಒಂದೊಂದು ಹುಳುವನ್ನೂ ಎರಡೆರಡು ಸಲ ನೋಡುತ್ತಿದ್ದಾರೆ.

ವಯಸ್ಸು ಐವತ್ತು ದಾಟಿದೆ. ಅದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇವರು ಬೇರೆಯವರ ಹುಳು ಕಾದಿದ್ದಾರೆ. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಹುಳುಗಳಿಗೆ ಬಕಾಸುರನ ಹಸಿವು, ಹಗಲು ರಾತ್ರಿ ಎನ್ನುವುದಿಲ್ಲ. ಹಗಲು ಮನೆಯವರೇ ಸೊಪ್ಪು ಹಾಕುತ್ತಾರೆ. ರಾತ್ರಿಗೆ ಆಂಜಿನಮ್ಮನಿಗೆ ಹೇಳಿ ಕಳಿಸುತ್ತಾರೆ. ವಾರ ಕಳೆದು ಗೂಡು ಕಟ್ಟಿದರೆ ಮುಂದಿನ ಮನೆ. ಗಂಡ ಅಶ್ವತ್ಥಪ್ಪ ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ ಬಾಕ್ಸು ಹೊರುತ್ತಾರೆ. ಅವರು ಹೊರಡುವ ಹೊತ್ತಿಗೆ ಇವರು ಬರುತ್ತಾರೆ. "ನಾವಿಬ್ರೂ ಕೂತು ಮಾತಾಡೋದು ಅಂದ್ರೆ ಊರಲ್ಲಿ ಯಾರಾದ್ರೂ ಸತ್ತಾಗ್ಲೇ. ಅವತ್ತು ಇಬ್ರಿಗೂ ರಜ" ಎಂದು ಆಂಜಿನಮ್ಮ, ತಮ್ಮ ಬಗ್ಗೆ ಬರೆಯಲು ಬಂದ ಪೇಪರಿನವರಿಗೆ ಹೇಳಿ ನಗುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ.

ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಮಲಗುತ್ತದೆ. ಅದನ್ನೇ ಇಲ್ಲಿಯವರು ಜ್ವರ ಎನ್ನುವುದು. ಆಗ ಸೊಪ್ಪು ಹಾಕಬಾರದು, ಹುಳುಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತೂ ಆಡುವುದಿಲ್ಲ. ಹೋದ ಚಳಿಗಾಲದಲ್ಲಿ ಚಿಕ್ಕಗಂಗಮ್ಮ ಎಂಬವರು ನಾಲ್ಕನೇ ಜ್ವರಕ್ಕೆ ಮುಂಚೆಯೇ ಕರೆಸಿಕೊಂಡಿದ್ದರು. ಅವರ ಮನೆಯ ಹುಳು ಹೀಗೆ ಮಲಗಿದ್ದಾಗ ಆಂಜಿನಮ್ಮ ಹುಳು ಸಾಕುವ ಸ್ಟ್ಯಾಂಡಿನ ಉದ್ದಕ್ಕೂ ಸೊಪ್ಪು ಹಾಕಿಬಿಟ್ಟರು. ಮೊದಲೇ ಎದ್ದಿದ್ದ ಒಂದಷ್ಟು ಹುಳು ತಿಂದು ಕೊಬ್ಬಿದವು. ಮಲಗಿದ್ದವು ಒದ್ದೆ ಸೊಪ್ಪಿನಡಿ ಸಿಕ್ಕಿ ನರಳಿದವು, ಎಷ್ಟೋ ಸತ್ತವು.

"ಹಾಸು ಒಣಗಲಿ ಅಂತ ನಾನೇ ಸುಣ್ಣ ಚೆಲ್ಲಿ ಮಲಗಿಸಿದ್ದೆ ಕಣಪ್ಪ. ನಾನೇ ಮರೆತೆ. ಬೆಳಗ್ಗೆ ಚಿಕ್ಕಗಂಗಮ್ಮ ಬಂದು ನೋಡಿ, ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎನ್ನುವಾಗ ಅವರ ದನಿ ಇಳಿಯುತ್ತದೆ. ಚಿಕ್ಕಗಂಗಮ್ಮ ಯಾರಿಗೂ ಹೇಳಲಿಲ್ಲ, ಮತ್ತೆ ಕರೆಯಲೂ ಇಲ್ಲ. ಅಶ್ವತ್ಥಪ್ಪ ಮಾತ್ರ "ಪೋನೀಲೇ, ಬಿಡೇ" ಎಂದು ತೆಲುಗು ಕನ್ನಡ ಬೆರೆಸಿ ಸಮಾಧಾನ ಮಾಡಿದರು. ಆಮೇಲೆ ಒಲೆಯ ಮೇಲಿನ ಹಾಲು, ನೆಂಟರ ಹೆಸರು, ಬಸ್ಸಿಳಿಯುವ ಸ್ಟಾಪು, ಒಂದೊಂದೇ ಕೈತಪ್ಪತೊಡಗಿದಾಗ ಅವರೇ ಹೆಂಡತಿಯನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರ್ ಆಶಾರಾಣಿ ಅವಸರ ಮಾಡದೆ ಬಿಡಿಸಿ ಹೇಳಿದರು. ಮಿದುಳಿನಲ್ಲಿ ಕಾವಲಿನ ಜೀವಕೋಶಗಳಿವೆ. ರೋಗ ಬಂದರೆ ಎದುರಿಸುವುದು, ಕಸ ತೆಗೆಯುವುದು ಅವುಗಳ ಕೆಲಸ. ಅವಕ್ಕೂ ಹಗಲು ರಾತ್ರಿಯ ಲೆಕ್ಕವಿದೆ, ದೇಹದ ಗಡಿಯಾರದಂತೆ ಕೆಲಸದ ರೀತಿ ಬದಲಿಸುತ್ತವೆ. ವರ್ಷಗಟ್ಟಲೆ ಆ ಗಡಿಯಾರ ತಪ್ಪಿದರೆ ಅವು ಸುಮ್ಮಸುಮ್ಮನೆ ಕೆರಳಿ, ನೆನಪು ಹಿಡಿದಿಡುವ ಕೊಂಡಿಗಳಿಗೇ ಪೆಟ್ಟು ಕೊಡಬಹುದು. "ಇದು ಹೆಚ್ಚಾಗಿ ಇಲಿಗಳಲ್ಲಿ ಕಂಡಿರೋದಮ್ಮ. ನಿಮ್ಮ ಮರೆವಿಗೆ ಇದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ರಾತ್ರಿ ಕೆಲಸ ಬಿಡಿ" ಎಂದರು.

"ಬಿಟ್ರೆ ಹೋಗಿದ್ದು ವಾಪಸ್ ಬತ್ತದಾ?" ಎಂದು ಆಂಜಿನಮ್ಮ ಕೇಳಿದ್ದರು. ಡಾಕ್ಟರ್ "ಗೊತ್ತಿಲ್ಲಮ್ಮ" ಎಂದಿದ್ದರು. ಸುಳ್ಳು ಹೇಳದ ಆ ಡಾಕ್ಟರ ಮೇಲೆ ಆಂಜಿನಮ್ಮನಿಗೆ ಗೌರವ. ಆದರೂ ಅವತ್ತು ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಬಿಸಿಲೇರುವ ಹೊತ್ತಿಗೆ ಚಂದ್ರಿಕೆಗಳು ತುಂಬಿವೆ. ವೇಣುಗೋಪಾಲ್ ಅವರ ಹೆಂಡತಿ ರಜನಿ ಕಾಫಿ ತಂದು, "ಅಕ್ಕಾ, ಮುಂದಿನ ಬೆಳೆಗೂ ನೀವೇ ಬರ್ಬೇಕು" ಎನ್ನುತ್ತಾರೆ.

ಆಂಜಿನಮ್ಮ ಲೋಟ ಕೆಳಗಿಡುತ್ತಾರೆ. ಚಿಕ್ಕಗಂಗಮ್ಮನ ಮನೆಯಲ್ಲಿ ಆದದ್ದನ್ನು ಒಂದೂ ಬಿಡದೆ ಹೇಳುತ್ತಾರೆ. ಇಷ್ಟು ದಿನ ಯಾರೂ ಹೇಳದೆ ಮುಚ್ಚಿದ್ದ ಮಾತು ಅದು. ರಜನಿಯ ಕಣ್ಣು ತಾನಾಗಿಯೇ ಚಂದ್ರಿಕೆಗಳ ಕಡೆ ಹೊರಳುತ್ತದೆ.

"ಇಲ್ಲಿ ಏನೂ ತಪ್ಪಾಗಿಲ್ಲಮ್ಮ, ಎಲ್ಲ ಎರಡೆರಡು ಸಲ ನೋಡಿದೀನಿ. ಇನ್ಮೇಲೆ ರಾತ್ರಿ ಬರಲ್ಲ. ಹಗಲು ಕರೀರಿ, ಬತ್ತೀನಿ."

ರಜನಿಗೆ ಸಂಕಟ. "ಹಗಲು ನಾವೇ ಇರ್ತೀವಲ್ಲಕ್ಕಾ" ಎನ್ನುತ್ತಾರೆ, ಮೆಲ್ಲಗೆ.

ಅದು ಆಂಜಿನಮ್ಮನಿಗೆ ಗೊತ್ತಿರದ ಸಂಗತಿಯೇನಲ್ಲ. ತಲೆಯಾಡಿಸಿ ಎದ್ದು, ಸೆರಗಿಗಂಟಿದ ಸೊಪ್ಪಿನ ಚೂರು ಕೊಡವುತ್ತಾರೆ. ಇಷ್ಟು ವರ್ಷದಲ್ಲಿ ಯಾವ ಮನೆಯೂ ತಮ್ಮನ್ನು ಬೇಡವೆಂದು ಬಾಯಿಬಿಟ್ಟು ಹೇಳಿಲ್ಲ ಎಂಬುದು ಅವರಿಗೆ ನೆನಪಿದೆ. ಅದು ನೆನಪಿರುವಾಗಲೇ ಹೊರಡಬೇಕು ಎಂಬುದಷ್ಟೇ ಅವರ ಆಸೆ.

ಪೇಪರಿನವರತ್ತ ತಿರುಗಿ ಹೇಳುತ್ತಾರೆ: "ಕೆಲಸ ನಾನೇ ಬಿಟ್ಟೆ ಅಂತ ಬರೀರಿ. ಬಿಡಿಸಿದ್ರು ಅಂತ ಬರೀಬೇಡಿ. ನಾಳೆ ಮರೆತು ನಾನೇ ಬಂದು ಬೇರೆ ತರ ಹೇಳಿದ್ರೂ, ಇದನ್ನೇ ಇಟ್ಕೊಳ್ಳಿ."